ದೋಹಾದ ಗುಮ್ಮಟ, ವಿಜಯಪುರದ ಗೌಂಡಿ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಡಾಕ್ಟ್ರೇ ಎಂದು ಸಂಪಾದಕ ಮಿತ್ರರು ಪ್ರತಿ ವರ್ಷ ಕೇಳುತ್ತಾರೆ. ಸಕ್ಕರೆ ಕಾಯಿಲೆಯ ಬಗ್ಗೆ ಎರಡು ಸಲ, ರಕ್ತದೊತ್ತಡದ ಬಗ್ಗೆ ಒಂದು ಸಲ ಬರೆದುಕೊಟ್ಟಿದ್ದೇನೆ. ಅದನ್ನು ಓದಿದ ಮೇಲೆ ಯಾರೂ ಹಬ್ಬದೂಟದಲ್ಲಿ ಹೋಳಿಗೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಈ ಸಲ ರೋಗಗಳಿಗೆ ರಜೆ ಕೊಟ್ಟು ಒಂದು ಕಟ್ಟಡದ ಬಗ್ಗೆ ಬರೆಯುತ್ತೇನೆ. ಕಟ್ಟಡಶಾಸ್ತ್ರದ ಗಂಧಗಾಳಿ ನನಗಿಲ್ಲ. ಆದರೆ ನಾನು ಗೌಂಡಿಯ ಮಗ. ಆ ಒಂದು ಅರ್ಹತೆಯ ಮೇಲೆ ಓದುಗರು ನನ್ನನ್ನು ಸಹಿಸಿಕೊಳ್ಳಬೇಕು.

ದೋಹಾಕ್ಕೆ ಊರಿನಿಂದ ನೆಂಟರು ಬಂದರೆ ನಾವೆಲ್ಲ ತೋರಿಸುವ ಜಾಗಗಳು ಒಂದೇ. ಸಂಜೆ ಕಾರ್ನೀಶ್, ರಾತ್ರಿ ಸೂಕ್ ವಾಕಿಫ್, ಶುಕ್ರವಾರ ಮರುಭೂಮಿ, ಹೊರಡುವ ಹಿಂದಿನ ದಿನ ಬಾದಾಮಿ-ಪಿಸ್ತಾ ಖರೀದಿ. ಇವುಗಳ ಜೊತೆಗೆ ಸಮುದ್ರದೊಳಗೆ ಕುಳಿತಂತೆ ಕಾಣುವ ಇಸ್ಲಾಮಿಕ್ ಕಲೆಯ ಮ್ಯೂಸಿಯಂ. ದೂರದಿಂದ ನೋಡಿದರೆ ಮಕ್ಕಳು ಬಿಳಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಓರೆಯಾಗಿ ಪೇರಿಸಿಟ್ಟಂತೆ ಕಾಣುತ್ತದೆ. ನಾನು ಇಲ್ಲಿಗೆ ಬಂದದ್ದು 2005ರಲ್ಲಿ. ಅದು ಏಳುತ್ತಿದ್ದಾಗ ದಿನಾ ಅದರ ಮುಂದೆಯೇ ಕಾರಿನಲ್ಲಿ ಹೋಗುತ್ತಿದ್ದೆ. 2008ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಆಮೇಲೂ ಎರಡು ವರ್ಷ ಒಳಗೆ ಕಾಲಿಡಲಿಲ್ಲ. ಆಸ್ಪತ್ರೆ, ಮನೆ, ಮಕ್ಕಳ ಶಾಲೆ, ಮತ್ತೆ ಆಸ್ಪತ್ರೆ. ಗಲ್ಫ್ ಜೀವನ ನಿಮಗೇನು ಹೊಸದೇ?

ಒಳಗೆ ಹೋಗುವಂತೆ ಮಾಡಿದ್ದು ಒಬ್ಬ ರೋಗಿ. ತೆಲಂಗಾಣದ ಕಡೆಯವನು, ನಲವತ್ತರ ಆಸುಪಾಸು, ಸೊಂಟನೋವಿಗೆ ಬಂದಿದ್ದ. ಏನು ಕೆಲಸ ಮಾಡುತ್ತೀ ಎಂದೆ. ಕಲ್ಲು ಕೂರಿಸುವ ಕೆಲಸ, ಆ ನೀರಿನ ಮ್ಯೂಸಿಯಮ್ಮಿನಲ್ಲೂ ಕಲ್ಲು ಕೂರಿಸಿದ್ದೇನೆ ಸಾರ್ ಎಂದು ಹಿಂದಿಯಲ್ಲಿ ಹೇಳಿದ. ಹೇಳುವಾಗ ಸೊಂಟ ಸ್ವಲ್ಪ ನೆಟ್ಟಗಾಯಿತು. ಮುಗಿದ ಮೇಲೆ ಹೋಗಿ ನೋಡಿದೆಯಾ ಎಂದು ಕೇಳಿದೆ. ಇಲ್ಲ ಸಾರ್, ಶುಕ್ರವಾರ ಒಂದೇ ರಜೆ, ಬಟ್ಟೆ ಒಗೆಯಬೇಕು, ಊರಿಗೆ ಫೋನ್ ಮಾಡಬೇಕು ಎಂದ. ನೋವಿನ ಮಾತ್ರೆ ಬರೆದುಕೊಟ್ಟೆ. ಭಾರ ಎತ್ತಬೇಡ ಎಂದೂ ಹೇಳಿದೆ. ಕಲ್ಲು ಕೂರಿಸುವವನಿಗೆ ಭಾರ ಎತ್ತಬೇಡ ಎನ್ನುವ ಸಲಹೆ ಎಷ್ಟು ಉಪಯುಕ್ತ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಆ ವಾರವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮ್ಯೂಸಿಯಂಗೆ ಹೋದೆ. ಬಂದವನು ರಾತ್ರಿ ಕುಳಿತು ಅದನ್ನು ರಚಿಸಿದ ಮನುಷ್ಯನ ಬಗ್ಗೆ ಓದತೊಡಗಿದೆ.

ಅವರ ಹೆಸರು ಇಯೋ ಮಿಂಗ್ ಪೇ. ಜಗತ್ತಿಗೆ ಐ. ಎಂ. ಪೇ. 1917ರ ಏಪ್ರಿಲಿನಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ಹುಟ್ಟಿದರು. ತಂದೆ ಬ್ಯಾಂಕಿನ ದೊಡ್ಡ ಅಧಿಕಾರಿ. ಬಾಲ್ಯ ಹಾಂಗ್‌ಕಾಂಗ್ ಮತ್ತು ಶಾಂಘೈನಲ್ಲಿ. ತಾಯಿಗೆ ಕ್ಯಾನ್ಸರ್. ಅಂದಿನ ವೈದ್ಯರಿಗೆ ನೋವಿಗೆ ಕೊಡಲು ಇದ್ದದ್ದು ಅಫೀಮು. ಅಮ್ಮನಿಗೆ ಅಫೀಮಿನ ಕೊಳವೆ ಸಿದ್ಧಮಾಡಿಕೊಡುವ ಕೆಲಸ ಈ ಹುಡುಗನದು. ಹದಿಮೂರು ತುಂಬಿದ ಸ್ವಲ್ಪ ದಿನಕ್ಕೇ ಆಕೆ ತೀರಿಕೊಂಡರು. ವೈದ್ಯನಾದ ನಾನು ಆ ಒಂದು ವಾಕ್ಯವನ್ನು ದಾಟಿ ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಯಿತು.

ಬೇಸಿಗೆ ರಜೆಗೆ ಅವರು ಹೋಗುತ್ತಿದ್ದುದು ತಂದೆಯ ಮೂಲ ಊರಾದ ಸೂಝೌಗೆ. ಅಲ್ಲಿ ಅವರ ಮನೆತನಕ್ಕೆ ಸೇರಿದ ‘ಸಿಂಹವನ’ ಎಂಬ ಹಳೆಯ ಉದ್ಯಾನವಿತ್ತು. ನೀರು ಕೊರೆದು ಚಿತ್ರವಿಚಿತ್ರ ಆಕಾರ ತಳೆದ ಬಂಡೆಗಳಿಗೆ ಆ ತೋಟ ಹೆಸರುವಾಸಿ. ಅಲ್ಲಿನವರು ತಕ್ಕ ಕಲ್ಲನ್ನು ಆರಿಸಿ, ತೂತು ಕೊರೆದು, ಕೆರೆಯ ಅಂಚಿನ ನೀರಿನಲ್ಲಿ ಇಟ್ಟುಬಿಡುತ್ತಿದ್ದರಂತೆ. ಅಲೆಗಳು ಅದನ್ನು ತಿದ್ದುತ್ತ ಇರಬೇಕು. ಇಟ್ಟವನು ಅಜ್ಜ; ತೆಗೆಯುವವನು ಮಗನೋ ಮೊಮ್ಮಗನೋ. ನಮ್ಮಲ್ಲಿ ಅಜ್ಜ ಮಾವಿನ ಸಸಿ ನೆಟ್ಟ ಹಾಗೆ, ಅಲ್ಲಿ ಕಲ್ಲನ್ನು ನೆಡುತ್ತಾರೆ. ಪೇ ದೊಡ್ಡವರಾದ ಮೇಲೂ ಈ ಸಂಗತಿಯನ್ನು ನೆನೆಸಿಕೊಂಡು ಹೇಳುತ್ತಿದ್ದರು.

1935ರಲ್ಲಿ ಹದಿನೆಂಟರ ಹರೆಯದಲ್ಲಿ ಅಮೇರಿಕಾಕ್ಕೆ ಓದಲು ಹೋದರು. ಎಂಐಟಿಯಲ್ಲಿ ಪದವಿ, ಯುದ್ಧ ಮುಗಿದ ಮೇಲೆ ಹಾರ್ವರ್ಡಿನಲ್ಲಿ ವಾಲ್ಟರ್ ಗ್ರೋಪಿಯಸ್ ಬಳಿ ಉನ್ನತ ವ್ಯಾಸಂಗ. ಓದು ಮುಗಿಸಿ ಊರಿಗೆ ಮರಳುವುದು ಎಂದೇ ಲೆಕ್ಕ. ಅಷ್ಟರಲ್ಲಿ ಯುದ್ಧ, ಆಮೇಲೆ 1949ರ ಕ್ರಾಂತಿ. ಮತ್ತೆ ಚೀನಾದ ನೆಲಕ್ಕೆ ಕಾಲಿಟ್ಟದ್ದು 1974ರಲ್ಲಿ. ಮೂವತ್ತೊಂಬತ್ತು ವರ್ಷ! ‘ಇನ್ನೆರಡು ವರ್ಷ, ಆಮೇಲೆ ಊರಿಗೆ’ ಎಂದು ಇಪ್ಪತ್ತು ವರ್ಷಗಳಿಂದ ಹೇಳುತ್ತಿರುವ ನಮ್ಮಂಥವರಿಗೆ ಇದು ಹೊಸ ಕತೆಯಲ್ಲ, ಅವಧಿ ಮಾತ್ರ ಸ್ವಲ್ಪ ಉದ್ದ.

ಅವರ ಕಟ್ಟಡಗಳ ಪಟ್ಟಿಯನ್ನೆಲ್ಲ ಇಲ್ಲಿ ಒಪ್ಪಿಸುವುದಿಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯ ಪೂರ್ವ ಕಟ್ಟಡ 1978ರಲ್ಲಿ ಮುಗಿಯಿತು. 1983ರಲ್ಲಿ ಪ್ರಿಟ್ಝ್‌ಕರ್ ಪ್ರಶಸ್ತಿ ಬಂತು. ಅವರ ಹೆಸರನ್ನು ಮನೆಮಾತು ಮಾಡಿದ್ದು 1989ರಲ್ಲಿ ಪ್ಯಾರಿಸ್ಸಿನ ಲೂವ್ರ್ ಅಂಗಳದಲ್ಲಿ ನಿಂತ ಗಾಜಿನ ಪಿರಮಿಡ್. ಫ್ರಾನ್ಸಿನ ಅರಮನೆಯ ಅಂಗಳದಲ್ಲಿ ಒಬ್ಬ ಚೀನೀ ಅಮೇರಿಕನ್ ಈಜಿಪ್ಟಿನ ಗೋರಿ ಕಟ್ಟುವುದೇ ಎಂದು ಊರೆಲ್ಲ ಕೂಗಾಡಿತು. ಈಗ ಪ್ಯಾರಿಸ್ಸಿಗೆ ಹೋದವರಲ್ಲಿ ಅದರ ಮುಂದೆ ಫೋಟೋ ತೆಗೆಸಿಕೊಳ್ಳದವರು ಯಾರಿದ್ದಾರೆ? ಆದರೆ ನನ್ನನ್ನು ಹೆಚ್ಚು ಹಿಡಿದದ್ದು ಅವರ ಕಷ್ಟದ ಕಾಲ. ಅವರ ಸಂಸ್ಥೆಯ ಪಾಲುದಾರ ಹೆನ್ರಿ ಕಾಬ್ ವಿನ್ಯಾಸ ಮಾಡಿದ್ದ ಬಾಸ್ಟನ್ನಿನ ಹ್ಯಾನ್‌ಕಾಕ್ ಗೋಪುರದ ಗಾಜುಗಳು 1973ರಲ್ಲಿ ಗಾಳಿಗೆ ಉದುರತೊಡಗಿದವು. ಹೊಸ ಗಗನಚುಂಬಿಗೆ ಪ್ಲೈವುಡ್ ಹಲಗೆ ಬಡಿದರು. ಕೊನೆಗೆ ಹತ್ತು ಸಾವಿರಕ್ಕೂ ಹೆಚ್ಚು ಗಾಜುಗಳನ್ನು ಬದಲಾಯಿಸಬೇಕಾಯಿತು. ಕೆಲವು ವರ್ಷ ಸಂಸ್ಥೆಗೆ ಹೊಸ ಕೆಲಸ ಸಿಗುವುದೇ ಕಷ್ಟವಾಯಿತಂತೆ. ನಮ್ಮ ವೃತ್ತಿಯಲ್ಲೂ ಒಂದು ಕೇಸು ಕೆಟ್ಟರೆ ಏನಾಗುತ್ತದೆಂದು ಬಲ್ಲೆ. ಅದಾದ ಮೇಲೂ ಬೆಳಗ್ಗೆ ಎದ್ದು ಕೋಟು ಹಾಕಿಕೊಂಡು ಹೋಗುವುದಿದೆಯಲ್ಲ, ಅದು ಸಣ್ಣ ಮಾತಲ್ಲ.

1990ರಲ್ಲಿ ಪೇ ಸಂಸ್ಥೆಯ ದಿನನಿತ್ಯದ ಕೆಲಸದಿಂದ ನಿವೃತ್ತರಾದರು. ಕತಾರಿನವರು ಬಂದದ್ದು ಅದಾದ ಮೇಲೆ. ಮೊದಲು ಒಂದು ಸ್ಪರ್ಧೆ ನಡೆದು ಬೇರೊಬ್ಬರ ವಿನ್ಯಾಸ ಗೆದ್ದಿತ್ತು, ಅದು ಕೈಗೂಡಲಿಲ್ಲ. ಎಂಬತ್ತು ದಾಟಿದ ಪೇ ಈ ಕೆಲಸ ಒಪ್ಪಿಕೊಂಡಾಗ ಅವರು ಮಾಡಿದ ಮೊದಲ ಕೆಲಸ ನಕ್ಷೆ ಬರೆಯುವುದಲ್ಲ. ಇಸ್ಲಾಂ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡು ಪ್ರವಾದಿ ಮುಹಮ್ಮದರ ಜೀವನಚರಿತ್ರೆ ಓದಿದರು. ಆಮೇಲೆ ಸುಮಾರು ಆರು ತಿಂಗಳು ಊರೂರು ತಿರುಗಿದರು. ಸ್ಪೇನಿನ ಕಾರ್ಡೋಬಾದ ಮಸೀದಿ ನೋಡಿ, ಇದರಲ್ಲಿ ಸ್ಪೇನಿನ ಬಣ್ಣ ಹೆಚ್ಚಾಯಿತು ಎಂದರು. ನಮ್ಮ ಫತೇಪುರ್ ಸಿಕ್ರಿಗೂ ಬಂದರು. ಇಲ್ಲಿ ಭಾರತದ ಛಾಯೆ. ದಮಾಸ್ಕಸ್ಸಿನಲ್ಲಿ ಬೈಜಾಂಟಿಯಮ್ಮಿನ ನೆರಳು. ಬೆಂಗಳೂರಿನ ಐಐಎಂ ಕಟ್ಟಿದ ಬಾಲಕೃಷ್ಣ ದೋಶಿಯವರಿಗೆ ಅದೇ ಸಿಕ್ರಿಯೇ ಸ್ಫೂರ್ತಿಯಾಗಿತ್ತು ಎಂಬುದನ್ನು ನೆನೆದರೆ, ಒಬ್ಬನಿಗೆ ಬೇಡವಾದದ್ದು ಇನ್ನೊಬ್ಬನಿಗೆ ಬೇಕಾಗುವ ರೀತಿ ಸೋಜಿಗ. ಟ್ಯುನೀಷಿಯಾದ ಕೋಟೆಗಳಲ್ಲಿ, ಬಿಸಿಲಿಗೆ ಜೀವ ಪಡೆಯುವ ಬರಿಯ ಗೋಡೆಗಳಲ್ಲಿ, ತಾನು ಹುಡುಕುತ್ತಿದ್ದುದರ ಹತ್ತಿರ ಬಂದಂತೆ ಅನಿಸಿತು. ಕೊನೆಗೆ ಅದು ಸಿಕ್ಕಿದ್ದು ಕೈರೋದಲ್ಲಿ. ಒಂಬತ್ತನೆಯ ಶತಮಾನದ ಇಬ್ನ್ ತುಲೂನ್ ಮಸೀದಿಯ ಅಂಗಳದ ನಡುವೆ, ಹದಿಮೂರನೆಯ ಶತಮಾನದಲ್ಲಿ ಕಟ್ಟಿದ ಒಂದು ಪುಟ್ಟ ಮಂಟಪ. ನಮಾಜಿಗೆ ಮೊದಲು ಕೈಕಾಲು ತೊಳೆಯುವ ಜಾಗ. ಅಲಂಕಾರವೆನ್ನುವುದು ಅತಿ ಕಡಿಮೆ. ಕೆಳಗೆ ಚೌಕ, ಅದರ ಮೇಲೆ ಎಂಟು ಮೂಲೆ, ಅದರ ಮೇಲೆ ಗುಂಡನೆಯ ಗುಮ್ಮಟ. ಅಷ್ಟೇ.

ಜಾಗದ ವಿಷಯಕ್ಕೂ ಮುದುಕರು ಹಟ ಹಿಡಿದರು. ಕಾರ್ನೀಶಿನ ಉದ್ದಕ್ಕೂ ತೋರಿಸಿದ ನಿವೇಶನಗಳು ಒಂದೂ ಬೇಡ. ನಾಳೆ ಪಕ್ಕದಲ್ಲಿ ಇದಕ್ಕಿಂತ ಎತ್ತರದ್ದು ಎದ್ದರೆ? ಸಮುದ್ರದಲ್ಲಿ ಪ್ರತ್ಯೇಕ ದ್ವೀಪವೇ ಬೇಕು ಎಂದರು. ದಡದಿಂದ ಸುಮಾರು 60 ಮೀಟರ್ ದೂರದಲ್ಲಿ ಮಣ್ಣು ತುಂಬಿಸಿ ದ್ವೀಪ ಮಾಡಿಕೊಟ್ಟರು. ಬೆಂಗಳೂರಿನಲ್ಲಿ ಸೈಟು ಕೊಂಡು, ಪಕ್ಕದವನು ಗೋಡೆಗೆ ಗೋಡೆ ತಾಗಿಸಿ ನಾಲ್ಕು ಮಹಡಿ ಎಬ್ಬಿಸಿದ್ದನ್ನು ನೋಡಿದ ನನಗೆ ಅವರ ಹಟ ಚೆನ್ನಾಗಿ ಅರ್ಥವಾಯಿತು. ದ್ವೀಪ ಕೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಇನ್ನು ಅಪ್ಪನ ವಿಷಯ. 2013ರ ಜನವರಿಯಲ್ಲಿ ಅಪ್ಪ, ಅವ್ವ ಮೊದಲ ಸಲ ದೋಹಾಕ್ಕೆ ಬಂದರು. ನಮ್ಮೂರು ಆಗಿನ್ನೂ ಸರ್ಕಾರಿ ದಾಖಲೆಯಲ್ಲಿ ಬಿಜಾಪುರ. ಅಪ್ಪನಿಗೆ ಎಪ್ಪತ್ತು. ಹನ್ನೆರಡನೆಯ ವಯಸ್ಸಿಗೆ ಕಲ್ಲು ಹೊರಲು ಹೋದವರು, ಗೌಂಡಿಯಾಗಿ ಬಾಳಿ, ಆ ದುಡಿಮೆಯಲ್ಲೇ ನನ್ನನ್ನು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿಸಿದವರು. ಮಾಲುಗಳನ್ನು ತೋರಿಸಿದೆ. ‘ಛಲೋ ಐತಿ’ ಎಂದು ಸುಮ್ಮನಾದರು. ವೆಸ್ಟ್ ಬೇ ಗೋಪುರಗಳನ್ನು ತೋರಿಸಿದೆ. ‘ಗಾಜು’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮೂರನೆಯ ದಿನ ಮ್ಯೂಸಿಯಂಗೆ ಕರೆದೊಯ್ದೆ.

ಖರ್ಜೂರದ ಮರಗಳ ಸಾಲಿನ ನಡುವೆ ಏರುತ್ತ ಹೋಗುವ ದಾರಿ. ಅಪ್ಪ ಬಾಗಿಲಿನವರೆಗೆ ಬಂದವರು ಒಳಗೆ ಹೋಗಲಿಲ್ಲ. ಗೋಡೆಯ ಹತ್ತಿರ ಸರಿದು, ಎರಡು ಕಲ್ಲುಗಳ ನಡುವಿನ ಗೆರೆಯ ಮೇಲೆ ಹೆಬ್ಬೆರಳ ಉಗುರು ಎಳೆದರು. ಕೆಳಗಿನಿಂದ ಮೇಲಕ್ಕೆ, ಕೈ ನಿಲುಕುವಷ್ಟು. ಮತ್ತೆ ಪಕ್ಕದ ಗೆರೆ.

‘ಸುಣ್ಣದ ಕಲ್ಲ ಇದು ತಮ್ಮಾ. ನಮ್ಮ ಶಹಾಬಾದ ಕಲ್ಲಿಗೆ ತಂಗಿ ಆಗಬೇಕು. ಬಣ್ಣ ಅಷ್ಟ ಬ್ಯಾರೆ.’

ನಾನು ಮನೆಗೆ ಬಂದು ನೋಡಿದೆ. ಫ್ರಾನ್ಸಿನಿಂದ ತರಿಸಿದ ಸುಣ್ಣಕಲ್ಲು. ನಮ್ಮ ಶಹಾಬಾದ ಕಲ್ಲೂ ಸುಣ್ಣಕಲ್ಲಿನ ಜಾತಿಯದೇ. ಎಂಡಿ ಮಾಡಿದ ಮಗನಿಗೆ ಇದಕ್ಕೆ ಪುಸ್ತಕ ಬೇಕಾಯಿತು, ಅಪ್ಪನಿಗೆ ಉಗುರು ಸಾಕಾಯಿತು. ಅಷ್ಟರಲ್ಲಿ ಕಾವಲಿನ ನೇಪಾಳಿ ಹುಡುಗ ಬಂದು ಮುಟ್ಟಬಾರದು ಎಂದು ನಯವಾಗಿ ಹೇಳಿದ. ಅಪ್ಪ ಅವನಿಗೆ ಕೈಮುಗಿದರು. ಹುಡುಗನೂ ಕೈಮುಗಿದ.

ಒಳಗೆ ಹೋದರೆ ಐದು ಮಹಡಿಯಷ್ಟು ಎತ್ತರದ ನಡುಮನೆ. ಎರಡು ಕಡೆಯಿಂದ ಬಳುಕುತ್ತ ಏರುವ ಮೆಟ್ಟಿಲು. ಎದುರಿಗೆ 45 ಮೀಟರ್ ಎತ್ತರದ ಗಾಜು, ಅದರಾಚೆ ಸಮುದ್ರ. ಹೊರಗಿನಿಂದ ಸುಳಿವೇ ಕೊಡದ ಗುಮ್ಮಟ ನೆತ್ತಿಯ ಮೇಲೆ ಹೊಳೆಯುತ್ತದೆ. ನಡುವಿನ ಒಂದು ಗುಂಡು ಕಿಂಡಿಯಿಂದ ಬೆಳಕು ಇಳಿದು ಲೋಹದ ಮುಖಗಳ ಮೇಲೆ ಚೆಲ್ಲುತ್ತದೆ. ಅವ್ವ ನೆಲ ನೋಡಿ, ‘ಇಷ್ಟ ದೊಡ್ಡದ ದಿನಾ ಯಾರ ಒರಸ್ತಾರ?’ ಎಂದು ನನ್ನ ಹೆಂಡತಿಯನ್ನು ಕೇಳಿದರು. ಅಪ್ಪ ಕತ್ತೆತ್ತಿದವರು ಇಳಿಸಲೇ ಇಲ್ಲ. ಬೆರಳು ಎತ್ತಿ ಎಣಿಸುತ್ತಿದ್ದರು.

‘ಎಂಟು’ ಎಂದರು. ‘ಚೌಕದ ಮ್ಯಾಲ ಗುಂಡಂದು ಸುಮ್ಮನ ಕುಂಡ್ರಂಗಿಲ್ಲ. ನಡುವ ಎಂಟು ಮೂಲಿ ಬೇಕು. ಇಂವಗ ಗೊತ್ತೈತಿ ನೋಡು.’

ಗೋಲಗುಂಬಜ್ ನೋಡಿದವರಿಗೆ ಇದು ತಿಳಿದೀತು. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿಯದು. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ಒಳಗಡೆ ಸುಮಾರು 38 ಮೀಟರ್ ಅಗಲದ ವರ್ತುಲ. ನಡುವೆ ಒಂದು ಕಂಬವಿಲ್ಲ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದುಹೋಗಿ, ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟ ಹಾಗೆ ಎಂಟು ಮೂಲೆ ಮಾಡಿ, ಭಾರವನ್ನು ಗೋಡೆಗೆ ಇಳಿಸುತ್ತವೆ. ನಾವು ಶಾಲೆಯ ಹುಡುಗರು ಅಲ್ಲಿ ಹೋಗಿ ‘ಓ’ ಎಂದು ಕೂಗಿ ಪ್ರತಿಧ್ವನಿ ಎಣಿಸುತ್ತಿದ್ದೆವು. ಅಪ್ಪನನ್ನು ಹುಡುಗನಾಗಿದ್ದಾಗ ಅವರ ಉಸ್ತಾದರು ಅದೇ ಗುಮ್ಮಟದ ಕೆಳಗೆ ನಿಲ್ಲಿಸಿ ಮೂಲೆ ಎಣಿಸಲು ಕಲಿಸಿದ್ದರಂತೆ. ಇದನ್ನು ಅವರು ನನಗೆ ಮೊದಲ ಸಲ ಹೇಳಿದ್ದು ದೋಹಾದಲ್ಲಿ! ಪೇ ಅವರ ಗುಮ್ಮಟವೂ ಹಾಗೆಯೇ ವರ್ತುಲದಿಂದ ಎಂಟು ಮೂಲೆಗೆ, ಅಲ್ಲಿಂದ ಚೌಕಕ್ಕೆ ಇಳಿದು, ಕೊನೆಗೆ ನಾಲ್ಕು ತ್ರಿಕೋನಗಳಾಗಿ ಬಾಗಿ ಕೆಳಗಿನ ಆಧಾರಗಳನ್ನು ಸೇರುತ್ತದೆ. ಕೈರೋದ ಮಂಟಪದಲ್ಲಿ ಅವರು ಕಂಡದ್ದನ್ನೇ ಅಪ್ಪ ಬಿಜಾಪುರದಲ್ಲಿ ಕಂಡಿದ್ದರು.

ಸಂಗ್ರಹದ ವಸ್ತುಗಳ ಮುಂದೆ ಅಪ್ಪ ಹೆಚ್ಚು ನಿಲ್ಲಲಿಲ್ಲ. ನಾನು ಮಾತ್ರ ಎಷ್ಟು ಸಲ ಹೋದರೂ ಒಂದನ್ನು ನೆನೆದು ನಗುತ್ತೇನೆ. ಇಲ್ಲಿನ ಸಂಗ್ರಹದಲ್ಲಿ ಷಹಜಹಾನನ ಹೆಸರು ಕೆತ್ತಿದ ಬಿಳಿ ಜೇಡ್ ಕಲ್ಲಿನ ತಾಯಿತವಿದೆ, 1631–32ರದ್ದು. ಇಂಥ ತಾಯಿತಕ್ಕೆ ‘ಹೌಲ್‌ದಿಲ್’ ಎಂದು ಹೆಸರು. ಎದೆಯ ಮೇಲೆ ಧರಿಸಿದರೆ ಎದೆಬಡಿತ ಶಮನವಾಗುತ್ತದೆಂಬ ನಂಬಿಕೆ. ಮುಮ್ತಾಜ್ ತೀರಿಕೊಂಡದ್ದೂ 1631ರಲ್ಲಿ. ಇಂದು ನನ್ನ ಬಳಿ ಬಂದಿದ್ದರೆ ಚಕ್ರವರ್ತಿಗೆ ಒಂದು ಇಸಿಜಿ ತೆಗೆಸಿ ಬೀಟಾ ಬ್ಲಾಕರ್ ಬರೆಯುತ್ತಿದ್ದೆ. ಅದು ಅವನ ಎದೆಬಡಿತಕ್ಕೆ ನಾಟುತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಗಾಜಿನ ಮುಂದೆ ಕುಳಿತು ಚಹಾ ಕುಡಿಯುವಾಗ ಅಪ್ಪ ಕೇಳಿದರು, ‘ಯಾರ ಕಟ್ಟ್ಯಾರ ಇದನ್ನ?’

‘ಚೀನಾದವರು ಅಪ್ಪಾ. ಅಮೇರಿಕಾದಾಗ ಇರ್ತಾರ.’

‘ವಯಸ್ಸ ಎಷ್ಟು?’

‘ಇದು ಮುಗದಾಗ ತೊಂಬತ್ತೊಂದು.’

ಅಪ್ಪ ಬಹಳ ಹೊತ್ತು ಸಮುದ್ರ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು, ‘ಅವಗ ಬಿ.ಪಿ. ಇರಲಿಲ್ಲೇನು?’

ಈ ಮಾತಿನ ಹಿಂದಿನ ಕತೆಯನ್ನು ಹೇಳದೆ ವಿಧಿಯಿಲ್ಲ. 2008ರಲ್ಲಿ ನಾನು ರಜೆಗೆ ಊರಿಗೆ ಹೋಗಿದ್ದಾಗ ನನ್ನ ಸಹಪಾಠಿ ವೈದ್ಯ ದಂಪತಿ ನಮ್ಮ ಮನೆಗೆ ಬರುವವರಿದ್ದರು. ದಾರಿ ತಪ್ಪಿ, ನಮ್ಮ ಓಣಿಯ ತಿರುವಿನಲ್ಲಿ ಗೋಡೆ ಕಟ್ಟುತ್ತಿದ್ದ ಒಬ್ಬ ಮುದುಕನನ್ನು ವಿಳಾಸ ಕೇಳಿದರು. ಆತ ಕರಣಿ ಕೆಳಗಿಟ್ಟು, ಸಿಮೆಂಟಿನ ಕೈಯಲ್ಲೇ ದಾರಿ ತೋರಿಸುತ್ತ ಅವರನ್ನು ಮನೆಯವರೆಗೆ ಕರೆತಂದು, ‘ನಮ್ಮ ಮಗಾನ’ ಎಂದ. ಸ್ನೇಹಿತರು ಏನೂ ತಿಳಿದುಕೊಳ್ಳಲಿಲ್ಲ. ತಿಳಿದುಕೊಂಡವನು ನಾನು. ಅವರು ಹೋದ ಮೇಲೆ ಬಿ.ಪಿ. ಪಟ್ಟಿ ತೆಗೆದು ಅಪ್ಪನ ತೋಳಿಗೆ ಕಟ್ಟಿದೆ. 150/90. ಒಂದು ಮಾತ್ರೆಯಲ್ಲಿ ಸರಿಹೋಗುವಂಥದ್ದು. ನಾನು ಗಂಭೀರ ಮುಖ ಮಾಡಿ, ಇನ್ನು ಏಣಿ ಹತ್ತುವ ಹಾಗಿಲ್ಲ, ಕೆಲಸ ಸಂಪೂರ್ಣ ಬಂದ್ ಎಂದು ಹೇಳಿದೆ. ಡಾಕ್ಟರ್ ಮಗ ಹೇಳಿದ ಮೇಲೆ ಮುಗಿಯಿತು. ಅಪ್ಪ ಕರಣಿ, ತೂಗುಗುಂಡು, ಮಟ್ಟಗೋಲುಗಳನ್ನು ತೊಳೆದು ಒಂದು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. ಮುಂದಿನ ಐದು ವರ್ಷ ಕಟ್ಟೆಯ ಮೇಲೆ ಕುಳಿತರು. ಪ್ರತಿ ರಜೆಯಲ್ಲೂ ಅವರು ಸ್ವಲ್ಪ ಸ್ವಲ್ಪ ಕುಗ್ಗುತ್ತಿದ್ದುದನ್ನು ನೋಡಿ ನಾನು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ವಿಟಮಿನ್ ಬರೆದೆ. ರೋಗನಿದಾನ ಗೊತ್ತಿದ್ದೂ ಬರೆದೆ.

ಆ ಸಂಜೆ ಕಾರಿನಲ್ಲಿ ಬರುವಾಗ, ಊರಿಗೆ ಹೋದ ಮೇಲೆ ಬೇಕಾದರೆ ಕೆಲಸ ಮಾಡಿ ಅಪ್ಪಾ, ನೆಲದ ಮೇಲಿನ ಕೆಲಸ, ಮಾತ್ರೆ ತಪ್ಪಿಸಬಾರದು ಎಂದೆ. ಬಿ.ಪಿ. ನೆಪ ಮಾತ್ರವಾಗಿತ್ತು ಎಂದು ಹೇಳುವ ಧೈರ್ಯ ಬರಲಿಲ್ಲ. ಅವರಿಗೆ ಅದು ಮೊದಲೇ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ‘ಹೂಂ’ ಎಂದರು. ಹಿಂದಿನ ಸೀಟಿನಲ್ಲಿ ಅವ್ವ, ‘ಇನ್ನ ಮನಿ ತುಂಬ ಸಿಮಿಟ್’ ಎಂದರು.

ಐ. ಎಂ. ಪೇ 2019ರ ಮೇ 16ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. 102 ವರ್ಷ. ಬಾಲ್ಯದ ಸಿಂಹವನದ ಹತ್ತಿರವೇ, ಸೂಝೌನಲ್ಲಿ, ಒಂದು ಮ್ಯೂಸಿಯಂ ಕಟ್ಟಿ 2006ರಲ್ಲಿ ಮುಗಿಸಿಕೊಟ್ಟಿದ್ದರು. ನಮ್ಮ ದೋಹಾದ ಮ್ಯೂಸಿಯಂ ದುರಸ್ತಿಯಾಗಿ 2022ರ ಅಕ್ಟೋಬರಿನಲ್ಲಿ, ವಿಶ್ವಕಪ್ ಫುಟ್‌ಬಾಲಿಗೆ ಮೊದಲು, ಮತ್ತೆ ತೆರೆಯಿತು. ಒಳಗಿನ ಜೋಡಣೆ ಬದಲಾಗಿದೆ, ಗುಮ್ಮಟ ಹಾಗೆಯೇ ಇದೆ. ಹೋದಾಗಲೆಲ್ಲ ಎಂಟು ಮೂಲೆ ಎಣಿಸುತ್ತೇನೆ. ಆ ಸೊಂಟನೋವಿನ ರೋಗಿ ಮತ್ತೆ ಬರಲಿಲ್ಲ. ಊರಿಗೆ ಹೋಗುವ ಮೊದಲು ಒಮ್ಮೆಯಾದರೂ ಒಳಗೆ ಹೋಗಿ ನೋಡಿದನೋ ಇಲ್ಲವೋ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಗಿದೆ. ಓಣಿಯ ಇಬ್ಬರು ಹುಡುಗರಿಗೆ ಕೆಲಸ ಕಲಿಸುತ್ತಾರೆ, ಅಂದರೆ ಕಟ್ಟೆಯ ಮೇಲೆ ಕುಳಿತು ಬೈಯುತ್ತಾರೆ. ಕಳೆದ ರಜೆಯಲ್ಲಿ ಹೋದಾಗ ಹಿತ್ತಲಿನ ಮೆಟ್ಟಿಲು ಹೊಸದಾಗಿ ಕಟ್ಟುತ್ತಿದ್ದರು. ಹುಡುಗರು ಜಾತ್ರೆಗೆ ಹೋಗಿದ್ದರು. ದಾರದ ಇನ್ನೊಂದು ತುದಿ ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ನಾನು ಪ್ಯಾಂಟು ಮಡಚಿ ಕುಕ್ಕುರುಗಾಲಿನಲ್ಲಿ ಕುಳಿತು ಹಿಡಿದೆ. ಸಡಿಲ ಬಿಟ್ಟೆ ಎಂದು ಎರಡು ಸಲ ಬೈಸಿಕೊಂಡೆ.